ಕಾಮೋಠೆಯ ನೆಲ ನೀರು ಕುಡಿದ ದಿನ

ಎರಡು ಅಗಲವಾದ ಕಬ್ಬಿಣದ ರಿಂಗುಗಳನ್ನು ಹೆಗಲಿಗೆ ಸಿಕ್ಕಿಸಿಕೊಂಡು ನಿಕಿತಾ ಠಾಣೆ ರೈಲು ನಿಲ್ದಾಣದಲ್ಲಿ ಪನ್ವೇಲ್ ಲೋಕಲ್ ಹತ್ತಿದಾಗ ಲೇಡೀಸ್ ಡಬ್ಬಿಯಲ್ಲಿ ನಗೆ ಎದ್ದಿತು. "ಕಾಯ್ ಗ, ಸರ್ಕಸ್‌ಲಾ ಚಾಲ್ಲೀಸ್ ಕಾ?" ಸರ್ಕಸ್ಸಿಗೆ ಹೊರಟೆಯೇನೇ ಎಂದು ಮರಾಠಿಯಲ್ಲಿ ಕೇಳಿದಳು ಮೀನಿನ ಬುಟ್ಟಿಯವಳು. ನಿಕಿತಾಗೂ ನಗು ತಡೆಯಲಾಗಲಿಲ್ಲ. ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ಒಬ್ಬಳೇ ಕಳಿಸಿದ್ದು ಇದೇ ಮೊದಲು. ಅದೂ ಸೋದರಮಾವ ಕಿಟ್ಟಣ್ಣನ ಹೌಸಿಂಗ್ ಸೊಸೈಟಿಗೆ!

ಕಾಮೋಠೆಯಲ್ಲಿ ಸಣ್ಣ ಹೋಟೆಲಿಟ್ಟಿದ್ದ ಕಿಟ್ಟಣ್ಣ ಸೊಸೈಟಿಯ ಸೆಕ್ರೆಟರಿಯೂ ಹೌದು. ಮಳೆಗಾಲ ಬಂತೆಂದರೆ ಕಾಂಪೌಂಡಿನಲ್ಲಿ ಮೊಣಕಾಲುದ್ದ ನೀರು. ಅಲ್ಲೊಂದು ದೊಡ್ಡ ಇಂಗುಗುಂಡಿ ತೋಡಿಸಿ ನೀರನ್ನೆಲ್ಲ ನೆಲಕ್ಕೆ ಕುಡಿಸಿಬಿಡಬೇಕೆಂದು ಅವರ ಆಸೆ. ನೆಲ ಕುಡಿಯುತ್ತದೋ ಇಲ್ಲವೋ ನೋಡಲು ನಿಕಿತಾ ಬಂದಿದ್ದಳು.

ರಿಂಗುಗಳನ್ನು ಒಂದರೊಳಗೊಂದಿಟ್ಟು, ಸುತ್ತಿಗೆಯಿಂದ ಬಡಿದು ನೆಲದಲ್ಲಿ ಕೂರಿಸಿದಳು. ಎರಡಕ್ಕೂ ನೀರು ತುಂಬಿ, ಒಳಗಿನದರಲ್ಲಿ ಸ್ಕೇಲು ನಿಲ್ಲಿಸಿದಳು. "ನೀರು ಸರಸರ ಇಳಿದ್ರೆ ಎ ಗ್ರೂಪಿನ ಮಣ್ಣು ಮಾಮ. ಇಳಿಯದೆ ಮೇಲಿಂದಲೇ ಹರಿದು ಹೋದ್ರೆ ಡಿ. ನಡುವಿನದ್ದು ಬಿ, ಸಿ."

"ನಮ್ಮದು ಎ ಇರ್ತದೆ, ನೋಡ್ತಾ ಇರು!" ಎಂದರು ಕಿಟ್ಟಣ್ಣ.

ನೀರು ಗುಳುಗುಳು ಎಂದು ಮಾಯವಾಯಿತು. ಇನ್ನೊಂದು ಕೊಡ ಸುರಿದರೆ ಅದೂ ಮಾಯ. ಮಾಮಿ ಹರಿಣಾಕ್ಷಿ ಕೊಡ ಹೊತ್ತು ಓಡೋಡಿ ಬಂದರು. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಕಿಟ್ಟಣ್ಣ ಹೋಟೆಲಿಗೆ ಫೋನು ಮಾಡಿ ಎಲ್ಲರಿಗೂ ಗೋಳಿಬಜೆ ಕಳಿಸಲು ಹೇಳಿದರು. ನಿಕಿತಾ ಹಿಗ್ಗಿನಲ್ಲಿ ಸ್ಕೇಲಿನ ಅಳತೆ ಬರೆದುಕೊಂಡಳು. ಮೊದಲ ಪರೀಕ್ಷೆಗೇ ಇಂಥ ಮಣ್ಣು!

ಅಷ್ಟರಲ್ಲಿ ತುಳಸಿಕಟ್ಟೆಯ ಬುಡದಿಂದ ಕೆಸರು ನೀರು ಬುಸ್ಸೆಂದು ಚಿಮ್ಮಿತು. ಅದರ ಹಿಂದೆಯೇ ತೊಯ್ದು ತೊಪ್ಪೆಯಾದ ದಪ್ಪ ಹೆಗ್ಗಣವೊಂದು ಹೊರಬಿದ್ದು, ಕಿಟ್ಟಣ್ಣನ ಕಾಲ ಮೇಲೆಯೇ ಹಾದು ಗೇಟಿನತ್ತ ಓಡಿತು. ಕಿಟ್ಟಣ್ಣ ಹಾರಿ ಸ್ಕೂಟರಿನ ಸೀಟು ಹತ್ತಿದರು.

"ಅಯ್ಯೋ ಮಾರಾಯ್ರೆ, ನೀವು ನೀರು ಕುಡಿಸಿದ್ದು ಹೆಗ್ಗಣದ ಬಿಲಕ್ಕೆ!" ಹರಿಣಾಕ್ಷಿ ಹೊಟ್ಟೆ ಹಿಡಿದು ನಕ್ಕು ನೆಲದಲ್ಲೇ ಕೂತರು. ನಿಕಿತಾಗೆ ಕ್ಷಣಕಾಲ ಅಳು ಬಂದಂತಾಯಿತು. ಆದರೆ ಸ್ಕೂಟರಿನ ಮೇಲೆ ಕುಕ್ಕರುಗಾಲಲ್ಲಿ ಕೂತ ಮಾವನನ್ನು ನೋಡಿ ಅಳುವ ಬದಲು ಕಣ್ಣೀರು ಬರುವಷ್ಟು ನಕ್ಕಳು.

ಈ ಸಲ ಬಿಲಗಳಿಲ್ಲದ ಜಾಗವನ್ನು ತಟ್ಟಿ ತಡವಿ ಹುಡುಕಿ, ಮತ್ತೆ ರಿಂಗು ಬಡಿದಳು. ಮೇಲಿನ ತೆಳು ಗರಸುಮಣ್ಣಿನ ಕೆಳಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಜಿಗುಟು ಜೇಡಿಯಿತ್ತು. ಗೋಳಿಬಜೆ ಖಾಲಿಯಾಗಿ, ಚಹಾ ಮುಗಿದು, ಹೊತ್ತು ಇಳಿಯುತ್ತ ಬಂದರೂ ಸ್ಕೇಲಿನ ಬಳಿ ನೀರು ಕದಲಲಿಲ್ಲ.

"ಡಿ," ಎಂದಳು ನಿಕಿತಾ.

"ಡಿ ಅಂದ್ರೆ ಫೇಲಾ?" ಕಿಟ್ಟಣ್ಣನ ಮುಖ ಬಾಡಿತು.

"ಮಣ್ಣು ಫೇಲ್ ಆಗುದಿಲ್ಲ ಮಾಮ. ನೀವು ಗುಂಡಿ ತೋಡಿದ್ರೆ ಅದು ಸೊಳ್ಳೆಗಳ ಸ್ವಿಮ್ಮಿಂಗ್ ಪೂಲ್ ಆಗ್ತದೆ, ಅಷ್ಟೇ. ಇದು ಕುಡಿಯುವ ನೆಲ ಅಲ್ಲ. ನೀರಿಗೆ ದಾರಿ ಕೊಡಿ. ಟೆರೇಸಿನದ್ದು ಟ್ಯಾಂಕಿಗೆ, ಅಂಗಳದ್ದು ಇಳಿಜಾರು ಚರಂಡಿಯಲ್ಲಿ ಹೊರಗೆ."

ಕಿಟ್ಟಣ್ಣ ತಲೆ ಕೆರೆದುಕೊಂಡರು. ಆಮೇಲೆ, "ಸುಳ್ಳು ಎ ಕೊಟ್ಟು ಹೋಗಿದ್ರೆ ನಾನು ಖುಷಿಯಲ್ಲೇ ಮುಳುಗ್ತಿದ್ದೆ ಮಗಾ," ಎಂದು ಅವಳ ತಲೆ ಸವರಿದರು. ಮರುವಾರವೇ ಕೆಲಸ ಶುರುವಾಯಿತು.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಹೊಡೆದಾಗ ನಿಕಿತಾ ರಜೆ ಹಾಕಿ ಕಾಮೋಠೆಗೆ ಬಂದಳು. ಹೊಸ ಚರಂಡಿಯಲ್ಲಿ ನೀರು ಭೋರ್ಗರೆದು ಓಡುತ್ತಿತ್ತು, ಅಂಗಳ ಬರಿಯ ಒದ್ದೆ. ಹಿಗ್ಗಿನಲ್ಲಿ ಅವಳು ಕುಣಿದ ರಭಸಕ್ಕೆ ಒಂದು ಚಪ್ಪಲಿ ಕಳಚಿ ಚರಂಡಿಗೆ ಬಿದ್ದು ತೇಲಿಹೋಯಿತು.

"ಹಿಡೀರಿ, ಹಿಡೀರಿ!" ಹರಿಣಾಕ್ಷಿ ಕಿರುಚಿದರು. ಕಿಟ್ಟಣ್ಣ ಲುಂಗಿ ಎತ್ತಿಕಟ್ಟಿ ಚಪ್ಪಲಿಯ ಹಿಂದೆ ಓಡಿದರು. ಅವರು ಗೇಟು ಮುಟ್ಟುವ ಮೊದಲೇ ಚಪ್ಪಲಿ ರಸ್ತೆ ದಾಟಿತ್ತು. ಇನ್ನೊಂದು ಚಪ್ಪಲಿಯನ್ನೂ ಕಳಚಿ ಕೈಯಲ್ಲಿ ಹಿಡಿದು, ಮಳೆಯಲ್ಲಿ ಬರಿಗಾಲಲ್ಲಿ ನಿಂತು, ನಿಕಿತಾ ನಗುತ್ತಲೇ ಇದ್ದಳು.