ಪೆಟ್ಟಿಗೆ ಬಿಟ್ಟು ಹೊರಗೆ ಬಾರದ ಬಳೆ

೨೦೨೨ರ ಅಕ್ಟೋಬರ್ ೧೩, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕುಮಾಸಿ ನಗರದ ಮನೆಯಂಗಳದಲ್ಲಿ, ಎಲ್ಲರೂ ಗೌರವದಿಂದ 'ನಾನಾ' ಎಂದು ಕರೆಯುವ ಹಿರಿಯಳು ಪೊಕುವಾ ತನ್ನ ತಂಗಿಯ ಮಗಳು ಡುಫಿಯೆಯನ್ನು ಕಳ್ಳಿ ಎಂದು ಕರೆದಳು. ಪಿಸುಮಾತಿನಲ್ಲಲ್ಲ, ಹದಿನಾಲ್ಕು ಜನ ನೆಂಟರ ಎದುರಿಗೆ, ಉಂಗುರವನ್ನು ಸತ್ತ ಹಲ್ಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು.

"ನೋಡ್ರಪ್ಪ, ನೋಡಿ! ನಮ್ಮಮ್ಮನ ಚಿನ್ನ ಯಾವತ್ತಾದ್ರೂ ಹೀಗೆ ಕೆಂಪಗಾಗಿತ್ತಾ? ಒಳ್ಳೇದನ್ನ ಮಾರ್ಕೊಂಡು ಹಿತ್ತಾಳೆ ತಂದುಕೊಡ್ತಿದಾಳೆ, ಈ ಓದಿದೋಳು!"

ತಾಯಿಯ ಕಡೆಯಿಂದ ಇಳಿದು ಬಂದ ಕುಲದ ಚಿನ್ನ ಯಾರೊಬ್ಬರ ಸೊತ್ತೂ ಅಲ್ಲ. ಕೊಟ್ಟಾಗ ತೊಡಬೇಕು, ಕೇಳಿದಾಗ ಮರಳಿಸಬೇಕು. ಶನಿವಾರ ಮನೆಯ ಹುಡುಗಿ ಟಿವಾಳ ಮದುವೆ. ತೊಳೆದು ಹೊಳಪು ಕೊಡಲೆಂದು ಎಲ್ಲವನ್ನೂ ಇಂದು ತರಿಸಿದ್ದರು. ಡುಫಿಯೆಗೆ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಸಿಕ್ಕ ದಿನ ಈ ಉಂಗುರವನ್ನು ಅವಳ ಬೆರಳಿಗೆ ಹಾಕಿದ್ದವಳು ಪೊಕುವಾಳೇ. ಆರು ವರ್ಷದಿಂದ ಅದು ಅಲ್ಲೇ ಇತ್ತು.

"ನಾನಾ, ಅದು ಸ್ಯಾನಿಟೈಸರ್..." ಎಂದು ಶುರುಮಾಡಿದ ಡುಫಿಯೆ ನಾಲಿಗೆ ಕಚ್ಚಿಕೊಂಡಳು.

"ಸ್ಯಾನಿಟೈಸರ್ ಅಂತೆ! ಕ್ರಿಮಿ ಕೊಲ್ಲೋ ನೀರು ಚಿನ್ನಾನೂ ಮೆಲ್ಲುತ್ತಂತೆ!"

ನಾಲ್ಕಾರು ಜನ ನಕ್ಕರು. ಡುಫಿಯೆಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೆಯೇ. ದಿನಕ್ಕೆ ಅರವತ್ತು ಸಲ ಕೈ ಉಜ್ಜಿಕೊಳ್ಳುವ ಕೆಲಸ. ಉಂಗುರದ ಅಡಿಭಾಗ ಮೊದಲು ಮಂಕಾಯಿತು, ಆಮೇಲೆ ಕೆಂಪು ಗೆರೆ ಮೂಡಿತು, ಕೊನೆಗೆ ಬೆರಳೇ ಹಸಿರಾಯಿತು. ಎಲ್ಲರಿಗೂ ಸ್ಯಾನಿಟೈಸರ್ ಎಂದೇ ಹೇಳಿಕೊಂಡು ಬಂದಿದ್ದಳು. ಆಲ್ಕೋಹಾಲು ಚಿನ್ನಕ್ಕೆ ಏನೂ ಮಾಡದೆಂಬುದು ಕಾಲೇಜಿನ ಎರಡನೇ ವರ್ಷದ ಪಾಠ. ಅಂಟಿಸಿದ ಹರಳಿನ ಅಂಟು ಸಡಿಲವಾಗಬಹುದು, ಮೇಲೆ ತೆಳು ಲೇಪವಿದ್ದರೆ ಉಜ್ಜಿ ಉಜ್ಜಿ ಸವೆಯಬಹುದು, ಅಷ್ಟೆ. ಲೇಪವಿದ್ದರೆ! ಆ 'ಇದ್ದರೆ'ಯನ್ನು ಅವಳು ಮನಸ್ಸಿನೊಳಗೆ ಬಿಟ್ಟುಕೊಂಡಿರಲೇ ಇಲ್ಲ. ಕುಲದ ಚಿನ್ನವನ್ನು ಶಂಕಿಸುವುದೆಂದರೆ ಹೆತ್ತವಳನ್ನೇ ಶಂಕಿಸಿದಂತೆ.

"ಒಂದು ಕುರಿ, ಎರಡು ಬಾಟ್ಲಿ ಸ್ನ್ಯಾಪ್ಸ್ ಸಾರಾಯಿ ದಂಡ," ಎಂದಳು ಪೊಕುವಾ. "ಶನಿವಾರ ಈ ಅಂಗಳಕ್ಕೆ ಕಾಲಿಡಬೇಡ. ನಾಳೆ ನೀನು ಸತ್ತರೂ ಹೂಳೋಕೆ ನಮ್ಮಲ್ಲಿ ಯಾರೂ ಬರಲ್ಲ."

ಕುಲದ ಹಿರಿಯನಾದ ಸೋದರಮಾವ ಬದು ಗಂಟಲು ಸರಿಮಾಡಿಕೊಂಡ. "ಒಪ್ಕೊಂಡ್ಬಿಡಮ್ಮ. ಕುರಿಯಲ್ಲೇ ಮುಗೀಲಿ."

"ಮಾಡದ್ದನ್ನ ಒಪ್ಕೊಳ್ಳೋದಾ, ವೋಫಾ?" ಡುಫಿಯೆ ಮಾವನತ್ತ ತಿರುಗಿದಳು. "ಎದುರಂಗಡಿ ಆಂಟ್ವೀನ ಕರೀರಿ. ನಾನು ಬೆರಳೂ ಸೋಕಿಸಲ್ಲ. ಅವನೇ ತೂಗಲಿ."

ಆಂಟ್ವಿ ಗಣಿಯವರಿಂದ ಚಿನ್ನ ಕೊಳ್ಳುವವನು. ತಕ್ಕಡಿ, ನೀರಿನ ಲೋಟ, ದಾರದ ಉಂಡೆ ಹಿಡಿದು ಬಂದ. ಗಾಳಿಯಲ್ಲಿ ಒಮ್ಮೆ, ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗುವುದು ಅವನ ಕ್ರಮ. ಗಾಳಿಯ ತೂಕವನ್ನು ನೀರಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಒಡವೆ ನೀರಿಗಿಂತ ಎಷ್ಟು ಪಟ್ಟು ಭಾರವೆಂದು ತಿಳಿಯುತ್ತದೆ. ಒಳ್ಳೆಯ ಒಡವೆ ಚಿನ್ನ ನೀರಿಗಿಂತ ಹದಿನೇಳು ಪಟ್ಟಿಗೂ ಹೆಚ್ಚು ಭಾರ ಬರಬೇಕು. ಉಂಗುರ ಗಾಳಿಯಲ್ಲಿ ೬.೮ ಗ್ರಾಂ, ನೀರಲ್ಲಿ ೬.

"ಎಂಟೂವರೆ ಪಟ್ಟು. ಹಿತ್ತಾಳೆ," ಎಂದ ಆಂಟ್ವಿ. "ಮೇಲೆ ಚಿನ್ನದ ನೀರು ಹಾಕಿದ್ರು. ಸವೆದುಹೋಗಿದೆ."

"ಕೇಳಿದ್ರಾ!" ಪೊಕುವಾ ತೊಡೆ ತಟ್ಟಿಕೊಂಡಳು. "ಬದಲಾಯಿಸಿದಾಳೆ ಅಂತ ನಾನು ಹೇಳ್ಲಿಲ್ವಾ?"

"ಇದರ ಜೊತೇಲಿ ಮಾಡಿಸಿದ ಬಳೆ ನಿಮ್ಮ ಪೆಟ್ಟಿಗೇಲಿದೆಯಲ್ಲ. ಅದನ್ನೂ ನಾನೇ ಬದಲಾಯಿಸಿದ್ನಾ?"

"ಅದಕ್ಕೆ ಯಾವಳ ಕೈಯೂ ತಾಗಿಲ್ಲ! ಇಪ್ಪತ್ತೆರಡು ವರ್ಷದಿಂದ ಬೀಗದಕೈ ನನ್ನ ಸೊಂಟ ಬಿಟ್ಟು ಇಳಿದಿಲ್ಲ."

"ಸರಿ. ಹಾಗಾದ್ರೆ ಅದು ಅಪ್ಪಟ ಚಿನ್ನಾನೇ ಇರಬೇಕು. ತೂಗಲಿ."

ಪೊಕುವಾಳ ಕೈ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತು. "ಶನಿವಾರದ ತನಕ ಪೆಟ್ಟಿಗೆ ತೆಗೆಯೋ ಹಾಗಿಲ್ಲ."

"ಇವತ್ತು ತೊಳೆಯೋಕೆ ಅಂತ ನೀವೇ ತಾನೆ ಕರೆಸಿದ್ದು?" ಎಂದಳು ಮದುಮಗಳು ಟಿವಾ. "ಮದುವೆ ನಂದು, ನಾನಾ. ತೆಗೀರಿ."

"ಸುಮ್ನಿರೇ, ನಿನ್ನೆ ಹುಟ್ಟಿದೋಳು!"

ಬದು ಎದ್ದು ನಿಂತ. ಅಕ್ಕನ ಮುಖವನ್ನೇ ನೋಡುತ್ತ ಅಂಗೈ ಚಾಚಿದ. "ಅಕ್ಕ. ಬೀಗದಕೈ."

ಬಳೆ ಹೊರಗೆ ಬಂತು. ಗಾಳಿ, ಬೆವರು, ಸ್ಯಾನಿಟೈಸರ್ ಒಂದನ್ನೂ ಕಾಣದ್ದು. ನಿನ್ನೆ ಮಾಡಿಸಿದ ಹಾಗೆ ಥಳಥಳಿಸುತ್ತಿತ್ತು. ಯಾರೋ ಸದ್ಯ ಎಂದು ಉಸಿರು ಬಿಟ್ಟರು. ಆಂಟ್ವಿ ದಾರ ಕಟ್ಟಿದ. ಗಾಳಿಯಲ್ಲಿ ೪೨ ಗ್ರಾಂ. ನೀರಲ್ಲಿ ೩೭.

"ಆ ನೀರೇ ಸರಿ ಇಲ್ಲ," ಎಂದಳು ಪೊಕುವಾ. ಅವಳ ದನಿ ಸಣ್ಣದಾಗಿತ್ತು.

"ಬೇರೆ ನೀರು ಹಾಕಪ್ಪ," ಎಂದಳು ಡುಫಿಯೆ. "ಹತ್ತು ಸಲ ಬೇಕಾದ್ರೂ ಹಾಕು. ನನ್ನನ್ನ ಕಳ್ಳಿ ಅಂದದ್ದು ಎಲ್ಲರ ಕಿವಿಗೂ ಬಿದ್ದಿದೆ. ಇದೂ ಬೀಳಲಿ."

ಆಂಟ್ವಿ ಲೋಟ ಚೆಲ್ಲಿ, ಹೊಸ ನೀರು ತುಂಬಿ, ಮತ್ತೆ ಮುಳುಗಿಸಿದ. ಮತ್ತೆ ೩೭.

"ಎಷ್ಟು ಪಟ್ಟು ಬಂತು? ಗಟ್ಟಿಯಾಗಿ ಹೇಳು," ಎಂದ ಬದು.

ಆಂಟ್ವಿ ನಲವತ್ತೆರಡನ್ನು ಐದರಿಂದ ಭಾಗಿಸಿದ. "೮.೪. ಇದೂ ಹಿತ್ತಾಳೆ."