ಗಾಜಿನೊಳಗಿನ ನಗು

ಆ ಕಾಲದಲ್ಲಿ ರೋಮ್‌ನ ಸ್ಟುಡಿಯೋಗಳಲ್ಲಿ ಚಿತ್ರೀಕರಣದ ಹೊತ್ತಿಗೆ ಧ್ವನಿ ಹಿಡಿಯುತ್ತಿರಲಿಲ್ಲ. ಮಾತೆಲ್ಲ ಆಮೇಲೆ, ಬೇರೆಯವರ ಗಂಟಲಿನಿಂದ. ನಟರು ಒಂದು, ಎರಡು ಎಂದು ಎಣಿಸುತ್ತ ತುಟಿಯಾಡಿಸಿದರೆ ಆಯಿತು. ಹೀಗಾಗಿ ಸೆಟ್ಟೆಂದರೆ ಸಂತೆ. ಕ್ಯಾಮೆರಾ ಓಡುವಾಗಲೇ ಬಡಗಿ ಮೊಳೆ ಹೊಡೆಯುತ್ತಿದ್ದ, ನಿರ್ದೇಶಕ ಕವಲ್ಲಿನಿ ಅರಚುತ್ತಿದ್ದ.

ಅರವತ್ತೆಂಟರ ವಸಂತ. ಕಾಮಿಕ್ಸ್ ಪುಸ್ತಕದಿಂದ ಎದ್ದುಬಂದ ಮುಸುಕಿನ ಖಳನ ಕೊನೆಯ ದೃಶ್ಯ. ಕಪ್ಪು ರಬ್ಬರಿನ ಉಡುಪಿನೊಳಗೆ, ಖಳನ ಪಾತ್ರದ ನಟನ ಬದಲಿಗೆ, ಡ್ಯೂಪ್ ಆಗಿ, ರುಜ್ಜೇರೊ. ಆ ಉಡುಪು ಹೊಲಿದವಳು ಅವನ ಅಕ್ಕ ನೀವೆಸ್. ಆಳೆತ್ತರದ ಗಾಜಿನ ಕೊಳವೆಯಲ್ಲಿ ಅವನನ್ನು ನಿಲ್ಲಿಸಿ, ಮುಚ್ಚಳ ಬಿಗಿದು, ಬಣ್ಣದ ಹೊಗೆ ಬಿಡಬೇಕು. ಖಳ ಒದ್ದಾಡುತ್ತಲೇ ನಗಬೇಕು.

"ಕೈ ಎತ್ತಿದ್ರೆ ನಿಲ್ಲಿಸ್ತೀರ ತಾನೆ?" ಎಂದಳು ನೀವೆಸ್.

"ಕೈ ಎತ್ತಿ ಲೋಕಕ್ಕೇ ಶಾಪ ಹಾಕೋದೇ ಸೀನು ಕಣಮ್ಮ! ಗಾಜಿರೋದು ಒಂದೇ. ಮಧ್ಯ ಬಂದ್ಯೋ, ಅಕ್ಕ ತಮ್ಮ ಇಬ್ರೂ ಮನೆಗೆ," ಎಂದ ಕವಲ್ಲಿನಿ.

ರುಜ್ಜೇರೊ ಕಣ್ಣು ಮಿಟುಕಿಸಿದ. "ಬಿಡಕ್ಕಾ, ನಿನ್ ಅಡುಗೆ ತಿಂದೂ ಬದುಕಿರೋನು ನಾನು. ಹೊಗೆ ಏನ್ ಮಾಡೀತು?"

ಹಸಿರು ಹೊಗೆ ಏರಿತು, ಅದರ ಮೇಲೆ ಕೇಸರಿ. ಮುಖವಾಡದ ತೂತಿನಲ್ಲಿ ತುಟಿಗಳು ಎಣಿಸುತ್ತಿದ್ದವು. ಆಮೇಲೆ ಅವನು ಗಾಜಿಗೆ ಮುಷ್ಟಿ ಬಡಿದ.

"ಭೇಷ್! ಇನ್ನೂ ಒದ್ದಾಡು!" ಕವಲ್ಲಿನಿ ಕುಣಿದಾಡಿದ.

ನೀವೆಸ್ ಕತ್ತು ಚಾಚಿ ನೋಡಿದಳು. ಆ ತುಟಿಗಳು ಈಗ ಅಂಕಿ ಹೇಳುತ್ತಿರಲಿಲ್ಲ. ಅವಳ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಿದ್ದವು. ಹುಡುಗಾಟವೋ? ಆ ಚಟ ಅವನಿಗೆ ಮೊದಲಿನಿಂದಲೂ ಇತ್ತು. ಹುಡುಗಾಟವಾಗಿದ್ದು ತಾನು ಮಧ್ಯ ಹೋದರೆ ಇಬ್ಬರ ಹೊಟ್ಟೆಪಾಡಿಗೂ ಕಲ್ಲು.

"ನಿಲ್ಸಿ! ಅವ್ನು ಸಾಯ್ತಿದಾನೆ!"

"ಅದೇ ಕಣೇ ಸೀನು!" ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದರು.

ಪಾಪಿಗಳು. ನೀವೆಸ್ ಉಡುಪುಗಳ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಓಡಿ ಬೀಸಿಯೇಬಿಟ್ಟಳು. ಗಾಜು ಚೂರುಚೂರಾಯಿತು. ಹೊಗೆಯ ಜೊತೆ ತಮ್ಮನೂ ಅವಳ ಕಾಲ ಬಳಿ ಬಿದ್ದ, ನೀಲಿಗಟ್ಟಿದ ತುಟಿಯಲ್ಲಿ ಕೆಮ್ಮುತ್ತ.

ಅವನು ಉಳಿದ. ಕೆಲಸ ಉಳಿಯಲಿಲ್ಲ, ಅವನ ಗಂಟಲೂ ಮೊದಲಿನಂತಾಗಲಿಲ್ಲ.

ಚಳಿಗಾಲಕ್ಕೆ ಸಿನಿಮಾ ಬಂತು. ಇಬ್ಬರೂ ಹೋಗಿ ಕೂತರು. ಗಾಜು ಒಡೆಯುವ ಮುಂಚಿನ ಅಷ್ಟನ್ನೂ ಕವಲ್ಲಿನಿ ಉಳಿಸಿಕೊಂಡಿದ್ದ. ಪರದೆಯಗಲದ ಬಾಯಿ ನೀವೆಸ್, ನೀವೆಸ್ ಎನ್ನುತ್ತಿತ್ತು. ಅದರಿಂದ ಹೊರಬಂದದ್ದು ಮಾತ್ರ ಯಾರದೋ ದಪ್ಪ, ಕೊಬ್ಬಿದ ನಗು. ಜನ ಚಪ್ಪಾಳೆ ತಟ್ಟಿದರು.

"ಚೆನ್ನಾಗ್ ನಗ್ತೀನಲ್ವೇನಕ್ಕಾ?" ರುಜ್ಜೇರೊ ಕೀರಲು ದನಿಯಲ್ಲಿ ಪಿಸುಗುಟ್ಟಿದ.

ನೀವೆಸ್ ಅವನ ಕಡೆ ತಿರುಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಬಂದೆ ಕಣೋ," ಎನ್ನುತ್ತಿದ್ದಳು ಪರದೆಗೆ, "ಬಂದೆ."