ಹಳೆಯ ಪುಸ್ತಕದ ಹಾವು

ಶಿವನಪ್ಪ ನನ್ನ ಮಂತ್ರಗಾತಿಯನ್ನು ಕೊಂದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಆಟ ಅಂದಮೇಲೆ ಸಾಯುವುದು ಇದ್ದದ್ದೇ. ಕೊಂದ ಮೇಲೆ ನನ್ನನ್ನು ಒಲೆಯ ಮುಂದೆ ಕೂಡಿಸಿದನಲ್ಲ, ಅದಕ್ಕೆ ಹೊಟ್ಟೆ ಉರಿದಿತ್ತು.

ಅಮಾವಾಸ್ಯೆಯ ದಿನ ಗಜೇಂದ್ರಗಡದಲ್ಲಿ ಮಗ್ಗಗಳಿಗೆ ರಜೆ. ಆ ದಿನ ನಮ್ಮಣ್ಣ ಸಾಜೀದನ ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿ ನಾವು ಆಡುತ್ತಿದ್ದೆವು. ರೋಣದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಶಿವನಪ್ಪ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಕೊಂಡಿದ್ದ ಇಂಗ್ಲಿಷ್ ಪುಸ್ತಕದ ಆಟ ಅದು. ಒಬ್ಬ ಕತೆ ನಡೆಸಬೇಕು; ಉಳಿದವರು ವೀರನೋ ಕಳ್ಳನೋ ಮಂತ್ರಗಾತಿಯೋ ಆಗಿ ಅವನ ಗುಹೆಗಳಿಗೆ ನುಗ್ಗಬೇಕು. ಏಟು ಬಿತ್ತೋ ತಪ್ಪಿತೋ, ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕತೆ ನಡೆಸುವವನು ಯಾವಾಗಲೂ ಶಿವನಪ್ಪನೇ. ಅಣ್ಣ ಮತ್ತು ಸವಡಿಯ ಶಾಲೆ ಮಾಸ್ತರ ಸಿದ್ದರಾಮೇಶ ನನ್ನ ಜೊತೆಗಾರರು.

ಆ ಹಳೆಯ ಪುಸ್ತಕಕ್ಕೆ ಕರುಣೆ ಎಂಬುದೇ ಇರಲಿಲ್ಲ. ಮಂತ್ರಗಾತಿಗೆ ದಿನಕ್ಕೊಂದೇ ಮಂತ್ರ, ಅದು ಮುಗಿದರೆ ಕೈಯಲ್ಲೊಂದು ಕೋಲು. ಹಾವು ಕಚ್ಚಿದಾಗ ದಾಳ ಕೈಕೊಟ್ಟರೆ ಸಾವು, ಎರಡನೇ ಮಾತಿಲ್ಲ. ಅಜ್ಜಿಯ ಹೆಸರಿಟ್ಟು ಜೋಪಾನ ಮಾಡಿದ್ದ ನನ್ನ ರಾಜಮಾ ಹಾಗೇ ಸತ್ತಳು. ಅವಳ ಗುಣ, ಬಲ ಬರೆದಿದ್ದ ಹಾಳೆಯನ್ನು ಶಿವನಪ್ಪ ಪರಪರನೆ ಹರಿದ.

"ಸತ್ತವರು ಚಹಾ ಮಾಡಬೇಕು. ನಮ್ಮ ಪದ್ಧತಿ," ಎಂದ.

ಗಂಡಸರು ಸತ್ತಾಗಲೂ ಆ ಪದ್ಧತಿ ಇತ್ತು. ಆದರೆ ಮುಂದಿನ ಅಮಾವಾಸ್ಯೆಗೆ ಅವರಿಗೆ ಹೊಸ ಹಾಳೆ ಸಿಗುತ್ತಿತ್ತು. ನಾನು ಕೇಳಿದಾಗಲೆಲ್ಲ, "ನಿನ್ನ ಚಹಾ ಭಾಳ ಚಲೋ ಆಗತೈತಿ ಗುಲ್ಷನ, ಅಲ್ಲೇ ಇರು," ಎಂದು ನಗುತ್ತಿದ್ದ. ಅಣ್ಣ ನೆಯ್ದ ಸೀರೆಗಳನ್ನು ಕೊಳ್ಳುವವನು ಅವನೇ, ಹಾಗಾಗಿ ಅಣ್ಣ ಬಾಯಿ ಬಿಡಲಿಲ್ಲ. ನಾನು ಒಲೆಯ ಮುಂದೆ ಹಲ್ಲು ಕಚ್ಚಿ ಕೂತು ಆ ಪುಸ್ತಕವನ್ನೇ ಓದಿದೆ. ಹಾವಿನ ಪುಟವನ್ನಂತೂ ಬಾಯಿಪಾಠ ಮಾಡಿದೆ.

ಎರಡು ಸಾವಿರದ ಎಂಟರಲ್ಲಿ ಆಟದ ಹೊಸ ಆವೃತ್ತಿ ಬಂತು. ಶಿವನಪ್ಪ ತರಿಸಿದ. ಬಣ್ಣದ ಚಿತ್ರ, ನುಣುಪು ಹಾಳೆ. ಇದರಲ್ಲಿ ಮಂತ್ರಗಾರ ಕೈ ಎತ್ತಿದಾಗಲೆಲ್ಲ ಬೆಂಕಿ. ಏಟು ತಿಂದು ನೆಲಕ್ಕೆ ಬಿದ್ದರೂ ಜೀವ ಹೋಗುವ ಮುನ್ನ ಮೂರು ಅವಕಾಶ. ಅವನ ಬಾಯಲ್ಲಿ ನೀರೂರಿತು. ಈ ಸಲ ತಾನೇ ಮಂತ್ರಗಾರನಾಗುತ್ತೇನೆ, ಕತೆ ಬೇರೆಯವರು ನಡೆಸಲಿ ಎಂದ. ಪುಸ್ತಕ ಪೂರ್ತಿ ಓದಿದವರು ನನ್ನನ್ನು ಬಿಟ್ಟರೆ ಯಾರಿದ್ದರು? ಕತೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು.

"ಅಣ್ಣಾರ, ನೀವು ತಂದಿದ್ದು ಆಟಗಾರರ ಪುಸ್ತಕ ಅಷ್ಟ. ಪ್ರಾಣಿಗಳದ್ದು ಬ್ಯಾರೆ ಪುಸ್ತಕ ಐತ್ರಿ," ಎಂದು ಶಿವನಪ್ಪನಿಗೆ ಹೇಳಿದೆ.

"ಅದ್ಯಾಕ ಬೇಕು? ಹಳೇದ್ರಾಗ ಪ್ರಾಣಿ ಅದಾವಲ್ಲ. ನಮಗ ಹೊಸಾದು, ಪ್ರಾಣಿಗಳಿಗೆ ಹಳೇದು."

"ಮಾಸ್ತರ, ಕೇಳಿದ್ರಲ್ಲ?"

"ಕೇಳೇನಿ," ಎಂದರು ಸಿದ್ದರಾಮೇಶ.

ನಾನು ಅವಸರ ಮಾಡಲಿಲ್ಲ. ಅವನ ಮಂತ್ರಗಾರನನ್ನು ಬೆಳೆಯಲು ಬಿಟ್ಟೆ. ಗೆಲ್ಲಿಸಿದೆ, ಕಿರೀಟ ತೊಡಿಸಿದೆ, ಊರೊಂದರ ಒಡೆಯನನ್ನಾಗಿ ಮಾಡಿದೆ. ಅವನು ಆ ಹಾಳೆಗೆ ಪ್ಲಾಸ್ಟಿಕ್ ಕವರು ಹಾಕಿ ಅಂಗಡಿಯ ಗಿರಾಕಿಗಳಿಗೂ ತೋರಿಸುತ್ತಾನೆ ಎಂದು ತಿಳಿದ ದಿನ, ಇನ್ನು ಸಮಯ ಬಂತು ಎಂದುಕೊಂಡೆ. ಮುಂದಿನ ಅಮಾವಾಸ್ಯೆಗೆ ಗುಹೆಯಲ್ಲಿ ಹಾವು ಬಿಟ್ಟೆ.

ಮೊದಲ ಹಾವಿನಿಂದ ತಪ್ಪಿಸಿಕೊಂಡ. ನನ್ನ ಗುಹೆಯಲ್ಲಿ ಹಾವುಗಳಿಗೇನೂ ಬರವಿರಲಿಲ್ಲ. ಕೊನೆಗೊಮ್ಮೆ ಹಾವು ಕಚ್ಚಿದಾಗ ಅವನ ದಾಳ ಉರುಳಿ ಬರೀ ಮೂರಕ್ಕೆ ನಿಂತಿತು.

"ಸತ್ರಿ," ಎಂದೆ.

"ಏ, ಮೂರು ಅವಕಾಶ ಐತಿ!"

"ಅದು ಏಟು ಬಿದ್ದವರಿಗೆ. ಇದು ವಿಷ. ಹಾವು ಹಳೇ ಪುಸ್ತಕದ್ದು, ಅಣ್ಣಾರ."

ಅವನು ಮಾಸ್ತರ ಕಡೆ ನೋಡಿದ. "ನೀವ ಹೇಳಿದ್ದು, ಶಿವನಪ್ಪನವರ," ಎಂದರು ಅವರು. ಆಮೇಲೆ, ಇಷ್ಟು ದಿನ ಬಾಯಿ ಬಿಡದಿದ್ದ ನಮ್ಮಣ್ಣ ಕೈ ಚಾಚಿದ. "ಹಾಳಿ ಕೊಡ್ರಿ."

ಅಣ್ಣ ಅದನ್ನು ಇಸಿದುಕೊಂಡು ನನ್ನ ಕೈಗಿಟ್ಟ. ಕವರಿನಿಂದ ಹಾಳೆಯನ್ನು ಜೋಪಾನವಾಗಿ ಹೊರತೆಗೆದು, ನಿಧಾನಕ್ಕೆ ಹರಿದೆ. ಶಿವನಪ್ಪನ ಮುಖ ಸಣ್ಣದಾಯಿತು. ನನಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ, ಖುಷಿಯಾಯಿತು.

"ಮುಂದಿನ ಅಮಾಸಿಗೆ ಹೊಸಾ ಹಾಳಿ ಕೊಡ್ತಿಯಲ್ಲ, ಗುಲ್ಷನ?" ಎಂದು ಕೇಳಿದ.

ಒಲೆಯ ಕಡೆ ಬೊಟ್ಟು ಮಾಡಿದೆ. "ನೋಡೋಣ್ರಿ. ಮೊದಲ ನಿಮ್ಮ ಚಹಾ ಹ್ಯಾಂಗ ಆಗತೈತಿ ನೋಡಬೇಕು."